ಹೊಸ ಪುಸ್ತಕ ಓದುಗರ ಕೈಗೆ ಹೋಗುವ ಮೊದಲು

ಪೇಪರ್‌ಬ್ಯಾಕ್ ಪುಸ್ತಕವನ್ನು ಕಟ್ಟುವುದೇ ಒಂದು ಮನೆಯ ಬಳಕೆಗೆ. ಒಬ್ಬರು ಓದುತ್ತಾರೆ, ಕಪಾಟಿನಲ್ಲಿ ಇಡುತ್ತಾರೆ, ಬೇಕಾದರೆ ಇನ್ನೊಮ್ಮೆ ತೆಗೆಯುತ್ತಾರೆ. ಗ್ರಂಥಾಲಯದಲ್ಲಿ ಅದೇ ಪುಸ್ತಕ ಹತ್ತಾರು ಕೈ ದಾಟುತ್ತದೆ. ಮಲಗಿ ಓದುವವರು ಅದನ್ನು ಹಿಂದಕ್ಕೆ ಮಡಚುತ್ತಾರೆ, ಮಕ್ಕಳು ಚೀಲಕ್ಕೆ ತುರುಕುತ್ತಾರೆ. ಹಾಗಾಗಿ ಹೊಸ ಪುಸ್ತಕ ಬಂದ ಕೂಡಲೇ ಸೀಲು ಹೊಡೆದು ಕಪಾಟಿಗೆ ಏರಿಸುವುದು ನನಗೆ ಸರಿ ಕಾಣುವುದಿಲ್ಲ. ಬೆನ್ನು ಬಿಟ್ಟ ಮೇಲೆ ರಿಪೇರಿ ಮಾಡುವುದಕ್ಕಿಂತ ಬಿಡುವ ಮುಂಚೆಯೇ ಗಟ್ಟಿ ಮಾಡುವುದು ಸುಲಭ. ಖರ್ಚೂ ಕಮ್ಮಿ. ಈ ನವೆಂಬರಿನಲ್ಲಿ ಸಾಗರ ತಾಲ್ಲೂಕಿನ ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಬಂದ ಪುಸ್ತಕಗಳಿಗೆ ಹಾಗೆ ಮಾಡಿದೆವು. ಹೇಗೆ ಮಾಡಿದೆವು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಬೇರೆ ಊರಿನವರಿಗೂ ಬೇಕಾಗಬಹುದು.

ನಾನು ಹರೆಯದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡಿದವನು. ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಗ್ರಂಥಾಲಯದ ಮೇಲ್ವಿಚಾರಕಿ ನಮ್ಮ ಕೇರಿಯವರೇ. ಪುಸ್ತಕ ಬಂದಿದೆ ಎಂದು ಅವರು ಹೇಳಿದಾಗ ಕೊಯ್ಲು ಇನ್ನೂ ಜೋರಾಗಿರಲಿಲ್ಲ. ಮಧ್ಯಾಹ್ನದ ಹೊತ್ತು ಬಿಡುವಿತ್ತು.

ಬಂದದ್ದು ಐದು ರಟ್ಟಿನ ಪೆಟ್ಟಿಗೆ. ಪಂಚಾಯಿತಿ ಹಣದಲ್ಲಿ ತರಿಸಿದ್ದು ಕೆಲವು. ರಾಜ್ಯೋತ್ಸವದ ತಿಂಗಳ ರಿಯಾಯಿತಿ ನೋಡಿಕೊಂಡು ಊರವರು ಸೇರಿ ಕೊಂಡದ್ದು ಕೆಲವು. ಮಕ್ಕಳ ಪುಸ್ತಕ ಜಾಸ್ತಿ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅನ್ನುವ ಸರ್ಕಾರದ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ ಆದ ಮೇಲೆ ನಮ್ಮಲ್ಲಿ ದಿನವೂ ಬರುವವರು ಅವರೇ. ಅದರ ನಂತರ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕಗಳು. ಆಮೇಲೆ ಕತೆ, ಕಾದಂಬರಿ, ಕೃಷಿಯ ಸಣ್ಣ ಪುಸ್ತಕಗಳು.

ಪೆಟ್ಟಿಗೆ ಬಿಚ್ಚಿದ ದಿನ ಕೆಲಸ ಶುರು ಮಾಡಲಿಲ್ಲ. ಬಯಲುಸೀಮೆಯ ಒಣ ಹವೆಯಲ್ಲಿ ಇದ್ದ ಕಾಗದ ಮಲೆನಾಡಿಗೆ ಬಂದ ಕೂಡಲೇ ತೇವ ಕುಡಿಯುತ್ತದೆ. ಆ ಹೊತ್ತಿನಲ್ಲಿ ಅಂಟು ಹಾಕಿದರೆ ಆಮೇಲೆ ಸೊಟ್ಟಗಾಗುತ್ತದೆ. ಪುಸ್ತಕಗಳನ್ನು ಮೇಜಿನ ಮೇಲೆ ಸ್ವಲ್ಪ ಬಿಡಿಬಿಡಿಯಾಗಿ ನಿಲ್ಲಿಸಿ, ಒಂದು ರಾತ್ರಿ ಹಾಗೇ ಬಿಟ್ಟೆವು.

ಮೊದಲು ಫಾರಂ ನೋಡಬೇಕು

ಬಿಲ್ಲಿಗೂ ಪುಸ್ತಕಕ್ಕೂ ತಾಳೆ ನೋಡುವುದು ಎಲ್ಲರೂ ಮಾಡುತ್ತಾರೆ. ಹೆಸರು, ಪ್ರತಿ ಎಷ್ಟು, ಬೆಲೆ ಎಷ್ಟು. ಅದು ಬೇಗ ಮುಗಿಯುತ್ತದೆ. ಒಳಗಿನ ಪುಟ ನೋಡುವುದನ್ನು ಮಾತ್ರ ಬಹಳ ಜನ ಬಿಡುತ್ತಾರೆ.

ಕನ್ನಡದಲ್ಲಿ ಹೆಚ್ಚಿನ ಪುಸ್ತಕಗಳು 1/8 ಡೆಮಿ ಅಳತೆಯವು. ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಇವು ಸಾಮಾನ್ಯವಾಗಿ 16 ಪುಟದ ಫಾರಂ, ಅಂದರೆ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆಯ ಒಂದು ಕಟ್ಟು, ಆಗಿ ಮಡಚಿ ಬರುತ್ತವೆ. ಬೈಂಡಿಂಗ್ ಮೇಜಿನ ಮೇಲೆ ಫಾರಂಗಳನ್ನು ಸಾಲಾಗಿ ಇಟ್ಟು ಒಂದೊಂದೇ ಎತ್ತಿ ಜೋಡಿಸುತ್ತಾರೆ. ಅಲ್ಲಿ ಕೈ ತಪ್ಪಿದರೆ ಒಂದು ಫಾರಂ ಪೂರ್ತಿ ಬಿಟ್ಟುಹೋಗುತ್ತದೆ, ಇಲ್ಲಾ ಒಂದೇ ಫಾರಂ ಎರಡು ಸಲ ಸೇರುತ್ತದೆ. ಆದ್ದರಿಂದ ಪ್ರತಿ ಪುಟ ಮಗುಚುವ ಅಗತ್ಯ ಇಲ್ಲ. 16, 17 ಒಮ್ಮೆ ನೋಡಿ. ಆಮೇಲೆ 32, 33. ಆಮೇಲೆ 48, 49. ಹೀಗೆ ಸಂದುಗಳನ್ನು ಮಾತ್ರ ನೋಡುತ್ತಾ ಹೋದರೆ 200 ಪುಟದ ಪುಸ್ತಕ ಒಂದು ನಿಮಿಷದ ಕೆಲಸ. ಮುನ್ನುಡಿಯ ಪುಟಗಳಿಗೆ ಬೇರೆ ಎಣಿಕೆ ಇದ್ದರೆ ಸಂದು ಸ್ವಲ್ಪ ಆಚೀಚೆ ಆಗುತ್ತದೆ. ಮೊದಲ ಸಂದು ಎಲ್ಲಿದೆ ಎಂದು ಗೊತ್ತಾದರೆ ಅಲ್ಲಿಂದ ಹದಿನಾರು ಹದಿನಾರು ಎಣಿಸಿಕೊಂಡು ಹೋಗಬಹುದು.

ಈ ಕೆಲಸಕ್ಕೆ ಸಂಜೆ ಶಾಲೆ ಬಿಟ್ಟು ಬಂದ ಹೈಸ್ಕೂಲು ಮಕ್ಕಳನ್ನು ಕೂರಿಸಿಕೊಂಡೆವು. ಒಬ್ಬಳು ಪರೀಕ್ಷೆಯ ಪುಸ್ತಕ ಹಿಡಿದು ಬಂದಳು.

"ಮಾಮ, ಇದರಲ್ಲಿ 97 ಆದ ಮೇಲೆ 112ರ ತನಕ ಸರಿ ಇದೆ. ಮತ್ತೆ 97 ಬಂತು."

ನೋಡಿದರೆ ನಿಜ. 113ರಿಂದ 128 ಇಲ್ಲವೇ ಇಲ್ಲ. ಅದರ ಜಾಗದಲ್ಲಿ ಹಳೆಯ ಫಾರಂ ಇನ್ನೊಮ್ಮೆ ಕೂತಿತ್ತು. ಇಂಥ ಇನ್ನೂ ಕೆಲವು ಸಿಕ್ಕವು. ಒಂದೆರಡರಲ್ಲಿ ಮೇಲಂಚು ಕತ್ತರಿಸದೆ ಪುಟಗಳು ಅಂಟಿಕೊಂಡೇ ಇದ್ದವು. ಅವನ್ನು ಚಾಕುವಿನಿಂದ ಬಿಡಿಸಿದರೆ ಆಯಿತು. ಫಾರಂ ತಪ್ಪಿದವನ್ನು ಬೇರೆ ತೆಗೆದಿಟ್ಟೆವು. ಸೀಲು ಬಿದ್ದ ಪುಸ್ತಕವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಕಷ್ಟ. ಹಾಗಾಗಿ ಈ ಪರೀಕ್ಷೆ ಮುಗಿಯುವ ತನಕ ಸೀಲು, ನಂಬರು ಏನೂ ಹಾಕಬಾರದು.

ನಂತರ ರಿಜಿಸ್ಟರು. ಒಂದೊಂದು ಪ್ರತಿಗೂ ಬೇರೆ ಅಕ್ಸೆಶನ್ ನಂಬರು, ಅಂದರೆ ರಿಜಿಸ್ಟರಿನ ಕ್ರಮಸಂಖ್ಯೆ. ಹೆಸರು ಪುಟದ ಹಿಂಬದಿಗೆ ಸೀಲು, ಒಳಗೆ ಒಂದು ಗೊತ್ತು ಮಾಡಿದ ಗುಟ್ಟಿನ ಪುಟಕ್ಕೆ ಇನ್ನೊಂದು ಸೀಲು. ಎಲ್ಲ ಪುಸ್ತಕಕ್ಕೂ ಅದೇ ಪುಟ. ಅಕ್ಷರದ ಮೇಲೆ, ಚಿತ್ರದ ಮೇಲೆ ಸೀಲು ಹೊಡೆಯಬೇಡಿ. ಸೀಲಿನ ಮಸಿ ಆರುವ ತನಕ ಪುಟ ಮುಚ್ಚಬೇಡಿ. ಇದು ಮೇಲ್ವಿಚಾರಕಿಯವರ ಕೆಲಸ, ಅವರು ನನಗಿಂತ ಚೆನ್ನಾಗಿ ಬಲ್ಲರು.

ಬೆನ್ನು ಬಿಡಿಸುವುದು

ಹೊಸ ಪುಸ್ತಕವನ್ನು ನಡುವಿಗೆ ಒಮ್ಮೆಲೇ ಬಿಚ್ಚಿ ಒತ್ತಿದರೆ ಚಟ್ ಎಂದು ಸದ್ದು ಬರುತ್ತದೆ, ಅಲ್ವಾ? ಅದು ಬೆನ್ನಿನ ಅಂಟು ಸೀಳಿದ ಸದ್ದು. ಈಗಿನ ಪುಸ್ತಕಗಳಿಗೆ ಹೊಲಿಗೆ ಇರುವುದು ಅಪರೂಪ. ಫಾರಂಗಳ ಬೆನ್ನನ್ನು ಯಂತ್ರ ಕೆರೆದು, ಬಿಸಿ ಅಂಟು ಬಳಿದು, ಕವರು ಒತ್ತುತ್ತದೆ. ಹಾಟ್ ಮೆಲ್ಟ್ ಅನ್ನುತ್ತಾರೆ. 160–180 ಡಿಗ್ರಿಯಲ್ಲಿ ಕರಗಿಸಿ ಹಚ್ಚುವ ಅಂಟು. ಬೇಗ ಆರುತ್ತದೆ, ಅದಕ್ಕೇ ಪ್ರೆಸ್ಸಿನವರಿಗೆ ಇಷ್ಟ. ಆದರೆ ಚಳಿಯಲ್ಲಿ ಬಿರುಸಾಗುತ್ತದೆ, ವಯಸ್ಸಾದ ಹಾಗೆ ಇನ್ನೂ ಬಿರುಸಾಗುತ್ತದೆ. ನಮ್ಮ ಕಡೆ ನವೆಂಬರ್ ಬೆಳಗ್ಗೆ ಇಬ್ಬನಿ ಬಿದ್ದಿರುವಾಗ ಪುಸ್ತಕ ಬಿಚ್ಚುವುದು ಬೇಡ. ಹನ್ನೊಂದು ಗಂಟೆಯ ಮೇಲೆ ಬಿಚ್ಚಿ.

ಬಿಡಿಸುವ ಕ್ರಮ ಹಳೆಯದು. ಪುಸ್ತಕದ ಬೆನ್ನನ್ನು ಮೇಜಿನ ಮೇಲೆ ಊರಿ, ಪುಟಗಳನ್ನೆಲ್ಲ ನೆಟ್ಟಗೆ ಹಿಡಿದುಕೊಳ್ಳಬೇಕು. ಮುಂದಿನ ಕವರನ್ನು ಮೇಜಿಗೆ ಇಳಿಸಿ ಬೆನ್ನಿನ ಉದ್ದಕ್ಕೂ ಬೆರಳಿನಿಂದ ಸವರಬೇಕು. ಆಮೇಲೆ ಹಿಂದಿನ ಕವರು. ಆಮೇಲೆ ಮುಂದಿನಿಂದ ಹತ್ತಿಪ್ಪತ್ತು ಪುಟ, ಹಿಂದಿನಿಂದ ಅಷ್ಟೇ. ಹೀಗೆ ಎರಡೂ ಕಡೆಯಿಂದ ನಡುವಿಗೆ ಬರಬೇಕು. ಬೆನ್ನಿನ ಮೇಲೆ ಭಾರ ಸಮನಾಗಿ ಹಂಚಿಹೋಗುತ್ತದೆ. ನಡುವಿಗೆ ಬಂದಾಗ ಪುಟಗಳ ಬುಡ ನೋಡಿ. ಅಲ್ಲಿ ಅಂಟಿನ ಬಿಳಿ ಗೆರೆ ಕಂಡರೆ, ಒಂದು ಪುಟವನ್ನು ಮೆಲ್ಲಗೆ ಎಳೆದಾಗ ಅದು ಅಲುಗಿದರೆ, ಆ ಪುಸ್ತಕ ಮಳೆಗಾಲದ ತನಕ ಬಾಳುವುದಿಲ್ಲ.

ಈ ಪರೀಕ್ಷೆಯಿಂದಲೇ ಪುಸ್ತಕಗಳು ಮೂರು ರಾಶಿ ಆದವು. ಪಿನ್ ಹೊಡೆದ ತೆಳು ಪುಸ್ತಕಗಳು ಒಂದು ಕಡೆ. ಬೆನ್ನು ಗಟ್ಟಿ ಇದ್ದು ಸ್ವಲ್ಪ ಆಸರೆ ಸಾಕಾದವು ಇನ್ನೊಂದು ಕಡೆ. ಬೆನ್ನು ಆಗಲೇ ಬಿಡುತ್ತಿರುವ ದಪ್ಪ ಪುಸ್ತಕಗಳು ಮತ್ತೊಂದು ಕಡೆ. ಈ ಮೂರನೆಯ ರಾಶಿಯಲ್ಲಿ ಮುಕ್ಕಾಲು ಪಾಲು ಪರೀಕ್ಷೆಯ ಪುಸ್ತಕಗಳೇ. ಊರಿನ ಹುಡುಗ ಹುಡುಗಿಯರು ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಎಂದು ಬೆಳಗಿನಿಂದ ಸಂಜೆ ತನಕ ಅವನ್ನೇ ಬಿಡಿಸಿಕೊಂಡು ಕೂರುತ್ತಾರೆ. ಗ್ರಂಥಾಲಯದಲ್ಲಿ ಅತಿ ಹೆಚ್ಚು ದುಡಿಯುವ ಪುಸ್ತಕಗಳ ಬೆನ್ನಿಗೇ ಅತಿ ಕಮ್ಮಿ ಗಟ್ಟಿತನ. ಇದು ನನಗೆ ಬೇಸರ ತರಿಸುವ ಸಂಗತಿ. ಒಂದು ಪುಸ್ತಕವನ್ನು ನೆಚ್ಚಿಕೊಂಡು ಕೆಲಸಕ್ಕೆ ಓದುವ ಹುಡುಗಿಗೆ ಬೇಕಾದ ಪುಟವೇ ಕಳೆದುಹೋದರೆ ಅವಳು ಏನು ಮಾಡಬೇಕು?

ಪಿನ್ ತೆಗೆದು ದಾರ

ಮಕ್ಕಳ ಪುಸ್ತಕಗಳು ಹೆಚ್ಚಾಗಿ ನಡುವೆ ಎರಡು ಪಿನ್ ಹೊಡೆದವು. ಮಲೆನಾಡಿನಲ್ಲಿ ಈ ಪಿನ್ನಿಗೆ ಒಂದೇ ಮಳೆಗಾಲ ಸಾಕು. ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ, ನಡುವಿನ ಹಾಳೆ ಕಳಚಿಕೊಳ್ಳುತ್ತದೆ. ಹೊಸದಿರುವಾಗಲೇ ಪಿನ್ ತೆಗೆದು ದಾರ ಹಾಕಿದರೆ ಆ ಚಿಂತೆ ಇಲ್ಲ.

ಪಿನ್ನಿನ ಕಾಲುಗಳನ್ನು ಒಳಗಿನಿಂದ ಎತ್ತಿ, ಹೊರಗಿನಿಂದ ಎಳೆಯಬೇಕು. ಹಾಳೆ ಅಲುಗದಂತೆ ಮೇಲೆ ಕೆಳಗೆ ಬಟ್ಟೆ ಕ್ಲಿಪ್ ಹಾಕಿಕೊಳ್ಳಿ. ನಡು ಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು. ಒಂದು ಸರಿಯಾಗಿ ನಡುವೆ, ಉಳಿದೆರಡು ಮೇಲಂಚು ಕೆಳಂಚಿನಿಂದ ಒಂದೂವರೆ ಇಂಚು ಒಳಗೆ. ಪಿನ್ನಿನ ಹಳೆಯ ತೂತು ಹತ್ತಿರವೇ ಇದ್ದರೆ ಅದನ್ನೇ ಬಳಸಬಹುದು. ಗಟ್ಟಿ ಹತ್ತಿ ದಾರಕ್ಕೆ ಜೇನುಮೇಣ ಸವರಿ ಸೂಜಿಗೆ ಪೋಣಿಸಿ. ಒಳಗಿನಿಂದ ನಡು ತೂತಿನಲ್ಲಿ ಸೂಜಿ ಹೊರಗೆ ಬರಲಿ. ಮೇಲಿನ ತೂತಿನಿಂದ ಒಳಗೆ ಹೋಗಲಿ. ಒಳಗೇ ನಡು ತೂತನ್ನು ದಾಟಿ ಕೆಳಗಿನ ತೂತಿಗೆ ಬಂದು ಹೊರಗೆ ಹೋಗಲಿ. ಮತ್ತೆ ನಡು ತೂತಿನಿಂದ ಒಳಗೆ. ಈಗ ದಾರದ ಎರಡು ತುದಿಯೂ ಒಳಗೆ ಇವೆ, ನಡುವೆ ಒಂದು ಉದ್ದ ಎಳೆ ಇದೆ. ಒಂದು ತುದಿ ಆ ಎಳೆಯ ಈಚೆ, ಇನ್ನೊಂದು ಆಚೆ ಇರುವಂತೆ ಮಾಡಿ, ಬೆನ್ನಿನ ಉದ್ದಕ್ಕೇ ಬಿಗಿಯಾಗಿ ಎಳೆದು ಎರಡು ಗಂಟು. ಅಡ್ಡಕ್ಕೆ ಎಳೆದರೆ ಕಾಗದ ಸೀಳುತ್ತದೆ.

ಎರಡು ಪುಸ್ತಕಕ್ಕೆ ತೋರಿಸಿಕೊಟ್ಟೆ. ಆಮೇಲೆ ಏಳನೇ ಕ್ಲಾಸಿನ ಮಕ್ಕಳೇ ಹಾಕಿದರು. ದಬ್ಬಣ ಮಾತ್ರ ನಮ್ಮ ಕೈಯಲ್ಲಿತ್ತು. ತಾವು ಹೊಲಿದ ಪುಸ್ತಕ ಯಾವುದು ಎಂದು ಅವರಿಗೆ ಈಗಲೂ ಗೊತ್ತು. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಒಂದು ಸಣ್ಣ ಪುಸ್ತಕವೂ ಈ ರಾಶಿಯಲ್ಲಿತ್ತು. ಅದು ತೋಟಕ್ಕೆ, ಅಂಗಳಕ್ಕೆ ಎಲ್ಲ ಕಡೆ ಹೋಗುವ ಪುಸ್ತಕ ಎಂದು ಗೊತ್ತಿದ್ದರಿಂದ ಮೂರು ತೂತಿನ ಬದಲು ಐದು ತೂತು ಹಾಕಿದೆ.

ಕವರಿಗೆ ಗೆರೆ, ಸಂದಿಗೆ ಬಟ್ಟೆ

ಎರಡನೆಯ ರಾಶಿಗೆ ಎರಡೇ ಕೆಲಸ. ಕವರಿನ ಹೊರಬದಿಯಲ್ಲಿ, ಬೆನ್ನಿನಿಂದ ಏಳು ಮಿಲಿಮೀಟರ್ ದೂರದಲ್ಲಿ, ಮೇಲಿನಿಂದ ಕೆಳಗೆ ಒಂದು ಗೆರೆ ಒತ್ತಬೇಕು. ಸ್ಕೇಲ್ ಇಟ್ಟು ಮಸಿ ಮುಗಿದ ಬಾಲ್‌ಪೆನ್ನಿನಲ್ಲಿ ಒತ್ತಿದರೆ ಸಾಕು, ಕೊಯ್ಯಬಾರದು. ಕೆಲವು ಪುಸ್ತಕಕ್ಕೆ ಪ್ರೆಸ್ಸಿನಲ್ಲೇ ಈ ಗೆರೆ ಹಾಕಿರುತ್ತಾರೆ. ಗೆರೆ ಇಲ್ಲದಿದ್ದರೆ ಕವರು ತೆರೆದಾಗಲೆಲ್ಲ ಮೊದಲ ಪುಟವನ್ನು ಎಳೆಯುತ್ತದೆ. ಮೊದಲು ಕಿತ್ತು ಬರುವುದು ಆ ಪುಟವೇ.

ಆಮೇಲೆ ಕವರಿನ ಒಳಬದಿಗೂ ಮೊದಲ ಹಾಳೆಗೂ ನಡುವಿನ ಸಂದಿಗೆ ತೆಳು ಮಲ್ ಬಟ್ಟೆಯ ಪಟ್ಟಿ. ಒಂದಿಂಚು ಅಗಲ, ಪುಸ್ತಕದ ಎತ್ತರಕ್ಕಿಂತ ಕಾಲಿಂಚು ಗಿಡ್ಡ. ಉದ್ದಕ್ಕೆ ಮಡಚಿ, ಅರ್ಧ ಕವರಿಗೆ, ಅರ್ಧ ಹಾಳೆಗೆ. ಹಿಂದೆಯೂ ಹಾಗೆ. ಇದಕ್ಕೆ ಮೈದಾ ಅಂಟಿಗೆ ಫೆವಿಕಾಲ್ ಬೆರೆಸಿಕೊಂಡೆ. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು, ಗಂಟಾಗದಂತೆ ಕದಡಿ ಸಣ್ಣ ಉರಿಯಲ್ಲಿ ದೋಸೆ ಹಿಟ್ಟಿನ ಹದಕ್ಕೆ ಬರುವ ತನಕ ಕಾಯಿಸಬೇಕು. ತಣಿದ ಮೇಲೆ ಸುಮಾರು ಅರ್ಧದಷ್ಟು ಫೆವಿಕಾಲ್. ಬರೀ ಫೆವಿಕಾಲ್ ಆದರೆ ತಕ್ಷಣ ಹಿಡಿದುಬಿಡುತ್ತದೆ, ಬಟ್ಟೆ ಸರಿಪಡಿಸಲು ಸಮಯ ಸಿಗುವುದಿಲ್ಲ.

ಹಳೆಯ ಬೈಂಡರುಗಳು ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಹುಳ ಬರುವುದಿಲ್ಲ, ಅಂಟು ಕೆಡುವುದಿಲ್ಲ. ನಾನು ಹಾಕುವುದಿಲ್ಲ. ಅದು ವಿಷ. ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚುವ ಮಕ್ಕಳ ಕೈಗೆ ಅದು ಹೋಗಬಾರದು. ಅದರಲ್ಲಿರುವ ತಾಮ್ರ ಕಾಗದಕ್ಕೂ ಒಳ್ಳೆಯದಲ್ಲ. ಅಂದಿನ ಅಂಟು ಅಂದೇ ಮಾಡಿ, ಮಿಕ್ಕಿದ್ದನ್ನು ಚೆಲ್ಲಿದರೆ ಆಯಿತು.

ಬಟ್ಟೆ ಅಂಟಿಸಿದ ಕೂಡಲೇ ಸಂದಿಗೆ ಒಂದು ಪ್ಲಾಸ್ಟಿಕ್ ಹಾಳೆ ಸೇರಿಸಿ ಒತ್ತಿಡಬೇಕು. ಇಲ್ಲದಿದ್ದರೆ ಅಂಟು ಹಾಯ್ದು ಪುಟಗಳು ಹಿಡಿದುಕೊಳ್ಳುತ್ತವೆ.

ಸೆಲ್ಲೋಟೇಪ್ ಹಾಕಬಾರದೇ ಎಂದು ಬಹಳ ಜನ ಕೇಳಿದರು. ದಯವಿಟ್ಟು ಬೇಡ. ಕೆಲವೇ ವರ್ಷದಲ್ಲಿ ಅದರ ಗಮ್ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಟೇಪ್ ಒಣಗಿ ಉದುರುತ್ತದೆ, ಕಲೆ ಉಳಿಯುತ್ತದೆ. ಆಮೇಲೆ ಯಾರಿಂದಲೂ ಅದನ್ನು ಸರಿಮಾಡಲು ಆಗುವುದಿಲ್ಲ.

ದಪ್ಪ ಪುಸ್ತಕಗಳು, ಒತ್ತು ಹಲಗೆ

ಮೂರನೆಯ ರಾಶಿಗೆ ಒಂದು ಪ್ರೆಸ್ ಬೇಕಿತ್ತು. ಹಳೆಯ ಸ್ಕ್ರೂ ಪ್ರೆಸ್ ಈಗ ಎಲ್ಲಿ ಸಿಗಬೇಕು? ಹಾಗಾಗಿ ಒಂದನ್ನು ಮಾಡಿಕೊಂಡೆವು. 18 ಮಿಲಿಮೀಟರ್ ಪ್ಲೈವುಡ್ಡಿನ ಎರಡು ಹಲಗೆ, ಒಂದೊಂದೂ 14 ಇಂಚು ಉದ್ದ, 10 ಇಂಚು ಅಗಲ. ಮೂಲೆಗೊಂದರಂತೆ ನಾಲ್ಕು ತೂತು. 10 ಎಂಎಂ ದಪ್ಪದ, 8 ಇಂಚು ಉದ್ದದ ನಾಲ್ಕು ಬೋಲ್ಟು, ವಾಷರು, ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು. ಮೂಲೆಗಳಲ್ಲಿ ಬಿಗಿದರೆ ಹಲಗೆಯ ನಡುವು ಉಬ್ಬುತ್ತದೆ, ಅಲ್ಲಿ ಒತ್ತಡ ಸಾಲುವುದಿಲ್ಲ. ಅದಕ್ಕೆ ಎರಡೂ ಹಲಗೆಯ ಹೊರಬದಿಗೆ ಗಟ್ಟಿ ಮರದ ರೀಪು ಅಡ್ಡ ಹೊಡೆದೆವು. ಒಳಬದಿಗೆ ಮೇಣ ಉಜ್ಜಿದೆವು, ಅಂಟು ಹಿಡಿಯದಿರಲಿ ಎಂದು. ಆಚಾರಿಯವರು ಇದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟರು.

ಇನ್ನು ಬೆನ್ನು. ದಪ್ಪ ಪುಸ್ತಕಕ್ಕೆ ಪಕ್ಕದಿಂದ ಡ್ರಿಲ್ ಹಾಕಿ ಹೊಲಿಯುವುದು ನಮ್ಮಲ್ಲಿ ಬಳಕೆಯಲ್ಲಿರುವ ದಾರಿ. ಬಹಳ ಗಟ್ಟಿ, ಒಪ್ಪುತ್ತೇನೆ. ಆದರೆ ಹೊಲಿಗೆ ಒಳ ಅಂಚನ್ನು ನುಂಗುತ್ತದೆ. ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ. ಸಾಲಿನ ಕೊನೆಯ ಅಕ್ಷರ ಓದಲು ಓದುಗರು ಬಲವಾಗಿ ಒತ್ತುತ್ತಾರೆ, ಆಗ ಹೊಲಿಗೆಯ ಗುಂಟ ಕಾಗದವೇ ಹರಿಯುತ್ತದೆ. ನೋಟ್ಸ್ ಬರೆದುಕೊಳ್ಳುವವರಿಗೆ ಮೇಜಿನ ಮೇಲೆ ತೆರೆದು ಬಿದ್ದಿರುವ ಪುಸ್ತಕ ಬೇಕು. ಆದ್ದರಿಂದ ನಾನು ಬೀಸಣಿಗೆ ಅಂಟಿನ ಕ್ರಮ ಹಿಡಿದೆ. 1930ರ ದಶಕದಲ್ಲಿ ಜರ್ಮನಿಯ ಎಮಿಲ್ ಲುಂಬೆಕ್ ಬಳಕೆಗೆ ತಂದ ಕ್ರಮ ಇದು. ಯಂತ್ರ ಬೇಡ, ಬಿಸಿ ಅಂಟು ಬೇಡ.

ಮೊದಲು ಕವರು ಬಿಡಿಸಬೇಕು. ಬೆನ್ನಿನ ಮೇಲೆ ಬಟರ್ ಪೇಪರ್ ಇಟ್ಟು, ಕಡಿಮೆ ಶಾಖದ ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಆಡಿಸಿದರೆ ಒಳಗಿನ ಹಾಟ್ ಮೆಲ್ಟ್ ಮೆತ್ತಗಾಗುತ್ತದೆ. ಕವರು ಹರಿಯದೆ ಇಡಿಯಾಗಿ ಬರುತ್ತದೆ. ಬೆಚ್ಚಗಿರುವಾಗಲೇ ಬೆನ್ನಿನ ಅಂಟನ್ನು ಮೊಂಡು ಚಾಕುವಿನಿಂದ ಕೆರೆದು ತೆಗೆಯಬೇಕು. ಅದು ಪಟ್ಟಿಪಟ್ಟಿಯಾಗಿ ಏಳುತ್ತದೆ. ಉಳಿದ ಚೂರನ್ನು 80 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಬ್ರಷ್ಷಿನಿಂದ ಧೂಳು ಜಾಡಿಸಬೇಕು. ಒಂದು ಪುಟದ ಬುಡದಲ್ಲೂ ಹಳೆಯ ಅಂಟು ಉಳಿಯಬಾರದು. ಉಳಿದ ಕಡೆ ಹೊಸ ಅಂಟು ಕಾಗದಕ್ಕೆ ತಾಗುವುದಿಲ್ಲ.

ಈಗ ಪುಟಗಳ ಕಟ್ಟನ್ನು ಬೆನ್ನು ಕೆಳಗೆ ಮಾಡಿ ಮೇಜಿಗೆ ಕುಟ್ಟಿ ಸಮ ಮಾಡಿಕೊಳ್ಳಿ. ಹಲಗೆಗಳ ನಡುವೆ ಇಟ್ಟು, ಬೆನ್ನಿನ ಕಡೆ ಎರಡು ಇಂಚು ಹೊರಗೆ ಬಿಟ್ಟು ಬಿಗಿಯಿರಿ. ಹೊರಗೆ ಬಂದ ಭಾಗವನ್ನು ಬಲಕ್ಕೆ ಬಾಗಿಸಿದರೆ ಪುಟಗಳು ಬೀಸಣಿಗೆಯ ಹಾಗೆ ಸರಿಯುತ್ತವೆ. ಪ್ರತಿ ಪುಟದ ಬುಡ ಕೂದಲೆಳೆಯಷ್ಟು ಕಾಣುತ್ತದೆ. ಅಲ್ಲಿ ಫೆವಿಕಾಲನ್ನು ತೆಳ್ಳಗೆ ಬಳಿಯಬೇಕು, ನಡುವಿನಿಂದ ಅಂಚಿನ ಕಡೆಗೆ. ಆಮೇಲೆ ಎಡಕ್ಕೆ ಬಾಗಿಸಿ ಇನ್ನೊಮ್ಮೆ. ನೆಟ್ಟಗೆ ಮಾಡಿ, ಹಲಗೆ ಸಡಿಲಿಸಿ ಬೆನ್ನಿನ ಅಂಚಿನ ತನಕ ಮೇಲೆ ತಂದು ಮತ್ತೆ ಬಿಗಿಯಿರಿ. ಬೆನ್ನಿಗೆ ಇನ್ನೊಂದು ಪದರ ಅಂಟು, ಅದರ ಮೇಲೆ ಮಲ್ ಬಟ್ಟೆ. ಬಟ್ಟೆ ಎರಡೂ ಪಕ್ಕಕ್ಕೆ ಒಂದೊಂದು ಇಂಚು ಹೆಚ್ಚಿರಲಿ.

ಯಂತ್ರದ ಬೈಂಡಿಂಗಿನಲ್ಲಿ ಅಂಟು ಪುಟದ ಬುಡದ ಅಂಚಿಗೆ ಮಾತ್ರ ಮೆತ್ತಿಕೊಂಡಿರುತ್ತದೆ. ಇಲ್ಲಿ ಹಾಗಲ್ಲ. ಅಂಟು ಎರಡು ಪುಟಗಳ ನಡುವೆ ಕೂದಲೆಳೆಯಷ್ಟು ಒಳಗೆ ಹೋಗುತ್ತದೆ. ಪ್ರತಿ ಪುಟವೂ ಹಿಂದಿನದಕ್ಕೂ ಮುಂದಿನದಕ್ಕೂ ಅಂಟಿರುತ್ತದೆ. ಫೆವಿಕಾಲ್ ಆರಿದ ಮೇಲೂ ಬಳುಕುತ್ತದೆ, ಚಳಿಗೆ ಸಿಡಿಯುವುದಿಲ್ಲ.

ಆದರೆ ಹಚ್ಚುವಾಗ ಚಳಿ ಇರಬಾರದು. ಬಿಳಿ ಅಂಟು ತಣ್ಣನೆಯ ಗಾಳಿಯಲ್ಲಿ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ತೇವ ಇದ್ದರೆ ಆರುವುದೂ ನಿಧಾನ. ಹನ್ನೊಂದರಿಂದ ಮೂರರ ಒಳಗೆ ಮಾತ್ರ ಅಂಟಿನ ಕೆಲಸ ಇಟ್ಟುಕೊಂಡೆವು. ಕಿಟಕಿಯನ್ನೂ ಆ ಹೊತ್ತಿನಲ್ಲಿ ಮಾತ್ರ ತೆರೆದೆವು. ಬೆಳಗ್ಗೆ ತೆರೆದರೆ ಮಂಜು ಒಳಗೆ ಬರುತ್ತದೆ. ಒತ್ತಿಟ್ಟ ಪುಸ್ತಕವನ್ನು ಮರುದಿನ ಮಧ್ಯಾಹ್ನದ ತನಕ ಮುಟ್ಟಲಿಲ್ಲ.

ಮೇಲ್ವಿಚಾರಕಿಯವರಿಗೆ ಚಿಂತೆ ಹತ್ತಿತ್ತು. "ಅಣ್ಣ, ಹದಿನಾಲ್ಕಕ್ಕೆ ಗ್ರಂಥಾಲಯ ಸಪ್ತಾಹ ಶುರು. ಒಂದೊಂದಕ್ಕೆ ಇಷ್ಟು ಹೊತ್ತು ಹಿಡಿದರೆ ಕೊಡೋದು ಯಾವಾಗ?"

"ಎಲ್ಲ ಮುಗಿಯೋ ತನಕ ಕಾಯೋದು ಬೇಡಮ್ಮ. ಆದಷ್ಟು ಆದಷ್ಟು ಹೊರಗೆ ಇಡೋಣ."

ಅವರ ಮಾತು ಸರಿಯೇ ಇತ್ತು. ಪುಸ್ತಕ ಇರುವುದೇ ಬಳಕೆಗೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಅದು. ಗಟ್ಟಿ ಮಾಡುವ ನೆಪದಲ್ಲಿ ಪುಸ್ತಕವನ್ನು ಬೀರುವಿನಲ್ಲಿ ಇಟ್ಟುಕೊಳ್ಳುವುದು ನನಗೂ ಬೇಕಿಲ್ಲ. ನವೆಂಬರ್ 14ಕ್ಕೆ ಮಕ್ಕಳ ಪುಸ್ತಕಗಳೂ ಕಾದಂಬರಿಗಳೂ ತಯಾರಿದ್ದವು. ದಪ್ಪನೆಯವು ತಿಂಗಳ ಕೊನೆಯ ತನಕ ಒಂದೊಂದಾಗಿ ಹೊರಬಂದವು.

ಆರಿದ ಮೇಲೆ ಕವರಿನ ಬೆನ್ನಿಗೆ ಅಂಟು ಹಚ್ಚಿ ಕೂರಿಸಿ, ಪಕ್ಕಕ್ಕೆ ಬಿಟ್ಟಿದ್ದ ಮಲ್ ಬಟ್ಟೆಯನ್ನು ಕವರಿನ ಒಳಬದಿಗೆ ಅಂಟಿಸಿದೆವು. ಮೇಲೆ ಒಂದು ಕಾಗದ. ಈ ಕಾಗದದ ನಾರು ಬೆನ್ನಿನ ಉದ್ದಕ್ಕೆ ಇರಬೇಕು. ಕಾಗದವನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ಮಡಿಕೆ ಯಾವ ದಿಕ್ಕಿಗಿದೆಯೋ ನಾರು ಆ ದಿಕ್ಕಿಗೆ ಇರುತ್ತದೆ. ಅಡ್ಡ ನಾರಿನ ಕಾಗದ ಹಾಕಿದರೆ ಕವರು ಸುರುಳಿಯಾಗಿ ಮೇಲೆದ್ದು ನಿಲ್ಲುತ್ತದೆ.

ಮುಗಿದ ಒಂದು 600 ಪುಟದ ಪುಸ್ತಕವನ್ನು ನಡುವಿಗೆ ತೆರೆದು ಮೇಜಿನ ಮೇಲೆ ಇಟ್ಟೆ. ಕೈ ಬಿಟ್ಟರೂ ಮುಚ್ಚಿಕೊಳ್ಳಲಿಲ್ಲ. ಆ ಖುಷಿ ಬೇರೆಯೇ.

ಚೀಟಿ, ಹೊದಿಕೆ, ಇಳಿಜಾರು ರ‍್ಯಾಕ್

ಬೆನ್ನಿನ ಚೀಟಿಯನ್ನು ಕೆಳಗಿನಿಂದ ಒಂದು ಇಂಚು ಮೇಲೆ, ಎಲ್ಲ ಪುಸ್ತಕಕ್ಕೂ ಒಂದೇ ಎತ್ತರದಲ್ಲಿ ಅಂಟಿಸಿದೆವು. ಗ್ರಂಥಾಲಯಗಳಲ್ಲಿ ವಿಷಯಕ್ಕೊಂದು ನಂಬರು ಕೊಡುವ ಡ್ಯೂಯಿ ಲೆಕ್ಕದಲ್ಲಿ ಕನ್ನಡ ಸಾಹಿತ್ಯ 894.814. ಕತೆ ಕಾದಂಬರಿಗೆ ಕೊನೆಯಲ್ಲಿ ಒಂದು 3 ಸೇರುತ್ತದೆ, ಕವಿತೆಗೆ 1, ನಾಟಕಕ್ಕೆ 2. ಮಕ್ಕಳಿಗೆ ಈ ನಂಬರು ಬೇಡ, ಅವರಿಗೆ ಬಣ್ಣದ ಪಟ್ಟಿ ಹಾಕಿದೆವು. ಚೀಟಿಯ ಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಸವರಿದರೆ ಅಂಚು ಏಳುವುದಿಲ್ಲ.

ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಡವೇ ಅನ್ನುವುದಕ್ಕೆ ಊರು ನೋಡಿ ತೀರ್ಮಾನ ಮಾಡಬೇಕು. ರಾಯಚೂರಿನಂಥ ಒಣ ಊರಿನಲ್ಲಿ ಹಾಕಿದರೆ ತೊಂದರೆ ಇಲ್ಲ. ನಮ್ಮಲ್ಲಿ ಗಾಳಿಯ ತೇವ ನೂರಕ್ಕೆ 65 ದಾಟಿ ಹಾಗೇ ನಿಂತರೆ ಬೂಸ್ಟು ಏಳುತ್ತದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಪ್ಲಾಸ್ಟಿಕ್ಕಿನ ಒಳಗೆ ಸಿಕ್ಕಿದ ತೇವ ಹೊರಗೆ ಹೋಗಲಾರದು. ಅದಕ್ಕೆ ಮಕ್ಕಳ ಪುಸ್ತಕಕ್ಕೆ ಮಾತ್ರ ಸಡಿಲ ಹೊದಿಕೆ ಹಾಕಿದೆವು, ಅದೂ ಟೇಪ್ ಇಲ್ಲದೆ ಮಡಚಿ ಸಿಕ್ಕಿಸಿದ್ದು. ನುಸಿ ಗುಳಿಗೆಯನ್ನೂ ಇಡಲಿಲ್ಲ. ಮಕ್ಕಳು ಕೂತು ಓದುವ ಕೋಣೆಯಲ್ಲಿ ಆ ಗಾಳಿ ಬೇಡ.

ರ‍್ಯಾಕ್ ಬಗ್ಗೆ ನನಗೆ ಮೊದಲಿನಿಂದ ಆಸೆ ಇತ್ತು. ಕಪಾಟಿನಲ್ಲಿ ಬೆನ್ನು ಮಾತ್ರ ಕಾಣುತ್ತದೆ. ತೆಳು ಪುಸ್ತಕಕ್ಕೆ ಬೆನ್ನೇ ಇಲ್ಲ. ಹೊಸ ಪುಸ್ತಕ ಮುಖ ತೋರಿಸಿ ನಿಲ್ಲಬೇಕು. ಮೂಲೆಯಲ್ಲಿ ಪತ್ರಿಕೆ ಓದುವ ಹಳೆಯ ಇಳಿಜಾರು ಸ್ಟ್ಯಾಂಡ್ ಒಂದು ಸುಮ್ನೆ ನಿಂತಿತ್ತು. ಅದರ ಚೌಕಟ್ಟು ಗಟ್ಟಿ ಇತ್ತು. ನಾಲ್ಕು ಅಡಿ ಅಗಲ. ಅದಕ್ಕೆ ನಾಲ್ಕು ಅಂತಸ್ತು ಹಾಕಿದೆವು. 1/8 ಡೆಮಿ ಪುಸ್ತಕ ಒಂದು ಅಂತಸ್ತಿಗೆ ಎಂಟು ಹಿಡಿಯುತ್ತದೆ. ಕೆಳಗಿನ ಅಂತಸ್ತು ನೆಲದಿಂದ ಒಂದು ಅಡಿ, ಅದು ಚಿಕ್ಕ ಮಕ್ಕಳದ್ದು. ಪುಸ್ತಕ ಜಾರದಂತೆ ಮುಂದಿನ ಅಂಚಿಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ಹಳೆಯ ಕೊಟ್ಟಿಗೆ ಕಿತ್ತಾಗ ಸಿಕ್ಕಿದ ದಬ್ಬೆ ಅದು, ಚೆನ್ನಾಗಿ ಒಣಗಿತ್ತು. ಹಸಿ ದಬ್ಬೆ ಹಾಕಿದರೆ ಕುಟ್ಟೆ ಹಿಡಿಯುತ್ತದೆ, ಪುಸ್ತಕದ ಮೇಲೆ ಪುಡಿ ಉದುರುತ್ತದೆ. ದಬ್ಬೆಯ ಸಿಬಿರು ಮಕ್ಕಳ ಬೆರಳಿಗೆ ಚುಚ್ಚುತ್ತದೆ. ಅದಕ್ಕೆ ಚೆನ್ನಾಗಿ ಉಜ್ಜಿ ಎರಡು ಕೈ ವಾರ್ನಿಶ್ ಹೊಡೆದೆವು. ವಾರ್ನಿಶ್ಶಿನ ವಾಸನೆ ಪೂರ್ತಿ ಹೋದ ಮೇಲೆ ಪುಸ್ತಕ ಇಟ್ಟೆವು. ರ‍್ಯಾಕನ್ನು ಗೋಡೆಯಿಂದ ಮೂರು ಇಂಚು ದೂರ ನಿಲ್ಲಿಸಿದ್ದೇವೆ. ಒರಲೆ ಬರುವುದಿದ್ದರೆ ಗೋಡೆಯಿಂದಲೇ ಬರುತ್ತದೆ, ನಡುವೆ ಜಾಗ ಇದ್ದರೆ ಮಣ್ಣಿನ ದಾರಿ ಕಟ್ಟುವುದು ಕಣ್ಣಿಗೆ ಬೀಳುತ್ತದೆ.

ಸಪ್ತಾಹದ ಮೊದಲ ದಿನ ಸಂಜೆಯ ಹೊತ್ತಿಗೆ ಕೆಳಗಿನ ಅಂತಸ್ತು ಖಾಲಿಯಾಯಿತು. ಎಲೆಚುಕ್ಕಿ ರೋಗದ ಪುಸ್ತಕವನ್ನು ಒಬ್ಬ ಹಿರಿಯರು ಒಯ್ದರು. ಅದಕ್ಕೆ ಇನ್ನೂ ಕೆಲವರು ಹೆಸರು ಬರೆಸಿದ್ದಾರೆ. ಇನ್ನೊಂದು ಪ್ರತಿ ತರಿಸಲು ಹೇಳಿದ್ದೇನೆ.

ಫಾರಂ ತಪ್ಪಿದ ಪುಸ್ತಕಗಳು ವಾಪಸು ಹೋಗಿವೆ, ಬದಲಿ ಬರಬೇಕು. ಒತ್ತು ಹಲಗೆ, ದಬ್ಬಣ, ಉಳಿದ ಮಲ್ ಬಟ್ಟೆ ಎಲ್ಲ ಗ್ರಂಥಾಲಯದ ಬೀರುವಿನಲ್ಲೇ ಇವೆ. ಪಕ್ಕದ ಪಂಚಾಯಿತಿಯ ಮೇಲ್ವಿಚಾರಕರು ಬಂದು ನೋಡಿದರು. ಅವರಿಗೂ ಡಿಸೆಂಬರಿನಲ್ಲಿ ಪುಸ್ತಕ ಬರುತ್ತದಂತೆ. ಹಲಗೆ ಒಯ್ಯಲು ಹೇಳಿದ್ದೇನೆ. ಕೊಯ್ಲಿನ ನಡುವೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ ಬೀಸಣಿಗೆ ಅಂಟು ಹಾಕುವುದನ್ನು ತೋರಿಸಿಕೊಡಬೇಕು.